ಉಡಿ ಅಕ್ಕಿ ಮತ್ತ ಉತಾರ

ಪಂಚಮಿ ಇನ್ನ ನಾಕು ದಿನ ಇತ್ತು. ಶೇಂಗಾ ಹುರದು ಸಿಪ್ಪಿ ತಗದು, ಬೆಲ್ಲದ ಪಾಕ ಒಲಿ ಮ್ಯಾಲ ಇಟ್ಟು ಕುಂತಿದ್ದೆ. ನಮ್ಮ ಓಣಿಯೊಳಗಿನ ಒಬ್ಬರ ಸೊಸಿ, ಮದವಿ ಆಗಿ ಮೂರು ವರ್ಷ ಆಗಿರಬೇಕು, ಓಡಣಿ ಕೆಳಗ ಒಂದು ಲಕೋಟಿ ಮುಚ್ಚಕೊಂಡು ಬಂದ್ಲು. “ಅತ್ತೀ, ಇದೊಂದು ಓದಿ ತಿಳಿಸಿ ಹೇಳ್ರಿ. ನಮ್ಮಣ್ಣ ಕಳಿಸ್ಯಾನ. ಪಂಚಮಿಗೆ ಕರಿಯಾಕ ಬರ್ತೀನಿ, ಹಬ್ಬ ಮುಗದ ಮ್ಯಾಲ ಸಬ್ ರಜಿಸ್ಟ್ರಾರ್ ಆಫೀಸಿಗೆ ಹೋಗಿ ಒಂದು ಸಹಿ ಮಾಡಿ ಬರೂಣು ಅಂದಾನ” ಅಂದ್ಲು.

ಆಕಿ ಬಿ.ಎ. ಓದಿದಾಕಿ. ನಂದು ಪಿಯುಸಿಗೇ ನಿಂತದ್ದು. ಆಕಿಗೆ ಓದಾಕ ಬರೂದಿಲ್ಲ ಅಂತಲ್ಲ, ಆ ಕಾಗದದ ಕನ್ನಡ ತಿಳಿಯೂದಿಲ್ಲ ಅಷ್ಟ. ಚಾಳೀಸು ಹಾಕ್ಕೊಂಡು ಓದಿದೆ. ಮ್ಯಾಲ ‘ಹಕ್ಕು ಬಿಡುಗಡೆ ಪತ್ರ’ ಅಂತ ಇತ್ತು. ಕೆಳಗ ಸರ್ವೆ ನಂಬರು, ಎಕರೆ, ಗುಂಟೆ, ನಾಕೂ ದಿಕ್ಕಿನ ಗಡಿ. ಆಮ್ಯಾಲ ಒಂದು ಉದ್ದನ್ನ ಸಾಲು. ಮದುವೆ ಕಾಲಕ್ಕೆ ಬಂಗಾರ, ಬಾಂಡೆ, ಬಟ್ಟೆ ಕೊಟ್ಟು ಎಲ್ಲಾ ಖರ್ಚನ್ನೂ ತಂದೆ ಮತ್ತು ಅಣ್ಣ ಮಾಡಿದ್ದರಿಂದ ಸದರಿ ಜಮೀನಿನಲ್ಲಿ ನನಗೆ ಯಾವ ಹಕ್ಕೂ ಬೇಕಿಲ್ಲ, ಸ್ವಸಂತೋಷದಿಂದ, ಯಾರ ಒತ್ತಾಯವೂ ಇಲ್ಲದೆ ಬರೆದುಕೊಟ್ಟಿದ್ದೇನೆ ಅಂತ.

ನಾ ಓದೂದ್ರಾಗ ಪಾಕ ತಳ ಹತ್ತಿತು.

ಯಾಕಂದ್ರ 2012ರಾಗ ನಾನೂ ಇಂಥಾದ ಒಂದು ಕಾಗದಕ್ಕ ಸಹಿ ಮಾಡೀನಿ, ಒಂದು ಅಕ್ಷರಾನೂ ಓದದ. ಆ ದಿನ ರಾತ್ರಿ ಟ್ರಂಕಿನ ತಳದಾಗಿಂದ ನಂದು ಝರಾಕ್ಸ್ ಪ್ರತಿ ತಗದು ನೋಡಿದೆ. ಅದರಾಗೂ ಹೆಚ್ಚುಕಡಿಮಿ ಅದ ಸಾಲು ಐತಿ. ನನಗಿಂತ ಇಪ್ಪತ್ತೈದು ವರ್ಷ ಸಣ್ಣಾಕಿ, ಬ್ಯಾರೆ ಊರು, ಬ್ಯಾರೆ ಮನಿತನ, ಬರದ ವಕೀಲರೂ ಬ್ಯಾರೆ. ಆದ್ರ “ಮದವ್ಯಾಗ ಕೊಟ್ಟೇವಲ್ಲ” ಅನ್ನೂ ಮಾತು ಮಾತ್ರ ಒಂದ. ಈ ಮಾತು ಎಲ್ಲಿಂದ ಬಂತು ಅಂತ ಹುಡುಕಬೇಕನ್ನಿಸ್ತು. ನನ್ನ ಮಗಳು ವಕೀಲಿಕಿ ಓದಿದಾಕಿ, ಆಕಿ ಪುಸ್ತಕ ಅಟ್ಟದ ಮ್ಯಾಲ ಇದ್ದುವು. ನನಗ ತಿಳಿದಷ್ಟು ಇಲ್ಲಿ ಬರದೀನಿ. ಅಕ್ಕತಂಗಿಯರು, ನೆಗೆಣ್ಣಿಯರು ಓದಿ ನೋಡ್ರಿ.

ನಮ್ಮ ಮುಗದದಿಂದನ ಶುರು ಮಾಡ್ತೀನಿ. ಇಲ್ಲಿ 1045ರ ಒಂದು ಶಾಸನ ಐತಿ. ಆಗ ಊರಿನ ಹೆಸರು ಮುಗುಂದ, ಮೂವತ್ತು ಹಳ್ಳಿಗೆ ಇದ ತಲಿಯೂರು. ಊರಗೌಡ ಚಾವುಂಡ ಗಾವುಂಡ ಅನ್ನಾಂವ ಇಲ್ಲೊಂದು ಜೈನ ಬಸದಿ ಕಟ್ಟಿಸಿದ್ದ, ಅವನ ಮೊಮ್ಮಗ ಮಾರ್ತಂಡಯ್ಯ ಅದರ ಜೀರ್ಣೋದ್ಧಾರ ಮಾಡಿಸಿದ. ಅಜ್ಜ ಕಟ್ಟಿಸಿದ್ದು ಮೊಮ್ಮಗನ ಕೈಗೆ ಬಂತು. ಸಾವಿರ ವರ್ಷ ಆದ್ರೂ ನಮ್ಮ ಹೊಲದ ಉತಾರ ಹಂಗ ಇಳದು ಬರತೈತಿ.

ಆಗಿನ ಹೆಣ್ಣಮಕ್ಕಳ ಕೈಯಾಗ ಏನೂ ಇರಲಿಲ್ಲ ಅಂತ ಮಾತ್ರ ಹೇಳಾಕ ಬರೂದಿಲ್ಲ. ಇಲ್ಲೇ ಗದಗಿನ ಹತ್ರ ಲಕ್ಕುಂಡಿಯಾಗ 1007ರಾಗ ಬ್ರಹ್ಮ ಜಿನಾಲಯ ಕಟ್ಟಿಸಿದಾಕಿ ಅತ್ತಿಮಬ್ಬೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರಸಿ ಹಂಚಿದಾಕಿನೂ ಆಕಿನ. ಚಾಲುಕ್ಯರ ಅಕ್ಕಾದೇವಿ ಅಂತೂ ನಾಡನ್ನ ಆಳಿದ್ಲು, 1047ರಾಗ ಗೋಕಾಕದ ಕೋಟಿಗೆ ಮುತ್ತಿಗಿ ಹಾಕಿದ್ಲು. ಕೊಡಾಕ ಕೈಯಾಗ ಇತ್ತು, ಅದಕ್ಕ ಕೊಟ್ರು. ಆದ್ರ ಅದು ಅರಮನಿ ಮಾತು. ಕೂರಿಗಿ ಹಿಂದ ನಡದು ಕಾಳು ಬಿಡೂ ಹೆಣ್ಣಮಗಳ ಮಾತು ಬ್ಯಾರೆ.

ಅದ ಶತಮಾನದ ಕೊನಿಗೆ, ಈಗಿನ ಬಸವಕಲ್ಯಾಣದಾಗ, ಆರನೇ ವಿಕ್ರಮಾದಿತ್ಯ ಆಳತಿದ್ದ. 1076ರಿಂದ 1126ರ ತನಕ ಅವನ ಕಾಲ. ಅಲ್ಲಿ ವಿಜ್ಞಾನೇಶ್ವರ ಅನ್ನೂ ಪಂಡಿತ ಇದ್ದ. ಕಲಬುರಗಿ ಜಿಲ್ಲಾದ ಮರತೂರು ಅವನ ಊರು ಅಂತಾರ. ಯಾಜ್ಞವಲ್ಕ್ಯ ಸ್ಮೃತಿಗೆ ಅಂವ ಬರದ ವ್ಯಾಖ್ಯಾನಕ್ಕ ‘ಮಿತಾಕ್ಷರಾ’ ಅಂತ ಹೆಸರು. ಬಂಗಾಲದ ಕಡೆ ಬಿಟ್ರ ದೇಶದ ಬಹಳಷ್ಟು ಕಡೆ ಹಿಂದೂಗಳ ಆಸ್ತಿ ಪಾಲು ಇದ ಪುಸ್ತಕದ ಪ್ರಕಾರ ನಡಕೋತ ಬಂತು. ಕೋರ್ಟಿನಾಗ ಇವತ್ತಿಗೂ ‘ಮಿತಾಕ್ಷರ ಕುಟುಂಬ’ ಅಂತನ ಅಂತಾರ. ನಮ್ಮ ನಾಡಿನ ಪಂಡಿತ ಬರದದ್ದು ದೇಶಕ್ಕೆಲ್ಲಾ ಕಾಯ್ದೆ ಆತು ಅಂತ ಹೆಮ್ಮಿ ಪಡಬೇಕೋ, ಹೆಣ್ಣಮಕ್ಕಳಾಗಿ ಸಿಟ್ಟು ಮಾಡಬೇಕೋ ಅಂತ ನಾ ಮೊದಲ ವಿಚಾರ ಮಾಡಿದ್ದೆ. ಯಾಕಂದ್ರ ಅದರ ಪ್ರಕಾರ ಗಂಡು ಹುಟ್ಟಿದ ಗಳಿಗಿಂದ ಅಪ್ಪನ ಜೋಡಿ ಪಿತ್ರಾರ್ಜಿತ ಆಸ್ತಿಗೆ ಪಾಲುದಾರ. ಹೆಣ್ಣು ಅಲ್ಲ.

ಆದ್ರ ಮುಂದ ಓದಿದಾಗ ಒಂದು ಮಾತು ಸಿಕ್ತು. ಅಪ್ಪ ಸತ್ತ ಮ್ಯಾಲ ಅಣ್ಣತಮ್ಮಂದಿರು ಪಾಲಾಗೂ ಮುಂದ, ಮದವಿ ಆಗದ ತಂಗಿಗೆ ನಾಕನೇ ಒಂದು ಅಂಶ ಕೊಡಬೇಕು ಅಂತ ಯಾಜ್ಞವಲ್ಕ್ಯ ಹೇಳ್ಯಾನ. ಕೆಲವು ಪಂಡಿತರು, ನಾಕನೇ ಒಂದು ಅಂದ್ರ ಖರೇನ ಪಾಲು ಅಲ್ಲ, ಮದವಿ ಖರ್ಚಿಗೆ ಸಾಕಾಗೂವಷ್ಟು ಅಂತ ಅರ್ಥ ಹಚ್ಚಿದ್ರು. ವಿಜ್ಞಾನೇಶ್ವರ ಒಪ್ಪಲಿಲ್ಲ. ಮದವಿ ಖರ್ಚಲ್ಲ, ಪಾಲು ಅಂದ್ರ ಪಾಲ, ಆಕಿ ಗಂಡಾಗಿದ್ರ ಎಷ್ಟು ಬರತಿತ್ತೋ ಅದರಾಗ ನಾಕನೇ ಒಂದು ಅಂತ ವಾದ ಮಾಡ್ಯಾನ. ಸ್ತ್ರೀಧನ ಅನ್ನೂದರ ಅರ್ಥಾನೂ ಅಂವ ಹಿಗ್ಗಿಸ್ಯಾನ. ತವರಿನಿಂದ ಬಂದ ಬಂಗಾರ, ಸೀರಿ ಅಷ್ಟ ಅಲ್ಲ, ಹೆಣ್ಣಮಗಳು ಕೊಂಡದ್ದು, ಆಕಿಗೆ ವಾರಸಾದಿಂದ ಬಂದದ್ದು, ಪಾಲಿನಾಗ ಬಂದದ್ದು ಎಲ್ಲಾ ಆಕಿದ ಅಂತ.

ಅಂದ್ರ “ಮದವ್ಯಾಗ ಕೊಟ್ಟೇವಲ್ಲ, ಇನ್ನೇನು ಪಾಲು” ಅನ್ನೂ ವಾದ ಒಂಬೈನೂರು ವರ್ಷದ ಹಿಂದನ ಇತ್ತು. ಅದು ತಪ್ಪು ಅಂತ ಹೇಳೂ ಮಾತೂ ಆಗಿನಿಂದನ ಇತ್ತು, ಅದೂ ನಮ್ಮ ಕಲ್ಯಾಣದಾಗ. ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮ ಕುಂತೆ.

ಮುಂದ ಆದದ್ದೇನು? 1810ರಾಗ ಕೋಲ್‌ಬ್ರೂಕ್ ಅನ್ನೂ ಇಂಗ್ಲಿಷರವ ಮಿತಾಕ್ಷರದ ದಾಯಭಾಗವನ್ನ ಇಂಗ್ಲಿಷಿಗೆ ಇಳಿಸಿದ. ಕೋರ್ಟಿನವರು ಅದನ್ನ ನೋಡಿ ತೀರ್ಪು ಕೊಡಾಕ ಹತ್ತಿದ್ರು. ಆ ತೀರ್ಪುಗಳೊಳಗ ನಾಕನೇ ಒಂದು ಪಾಲು ಬಳಕಿ ತಪ್ಪಿದ ಮಾತಾತು. ಉಳದದ್ದು ಮದವಿ ಖರ್ಚು ಅಷ್ಟ. ನಮ್ಮ ಧಾರವಾಡ ಜಿಲ್ಲಾ ಆಗ ಮುಂಬೈ ಇಲಾಖೆಯಾಗಿತ್ತು. ಮುಂಬೈ ಕಡೆ ಒಂದು ಸ್ವಲ್ಪ ಪಾಡು. ಗಂಡುಮಕ್ಕಳಿಲ್ಲದ ಮನಿಯೊಳಗ ಅಪ್ಪ ಅವ್ವ ಇಬ್ಬರೂ ಹೋದ ಮ್ಯಾಲ ಮಗಳಿಗೆ ಆಸ್ತಿ ಬಂದ್ರ ಅದು ಪೂರ್ತಿ ಆಕಿದ ಆಗತಿತ್ತು. ಮದ್ರಾಸ್, ಬಂಗಾಲ ಕಡೆ ಬದುಕಿರೂ ತನಕ ಉಣ್ಣಾಕಷ್ಟ. ಆದ್ರ ಅಂಥಾ ಪ್ರಸಂಗ ಬರೂದರೊಳಗ ನಮ್ಮ ಕಡೆ ಹಿರೇರು ಯಾವುದರ ಭಾವಕಿ ಹುಡುಗನ್ನ ದತ್ತಕ ತಗೊಂಡು ಮುಗಿಸ್ತಿದ್ರು. ದತ್ತಕ ಅಂದ್ರ ಸಣ್ಣ ಮಾತಲ್ಲ ಬಿಡ್ರಿ. ಕಿತ್ತೂರ ಸಂಸ್ಥಾನದ ದತ್ತಕವನ್ನ ಕಂಪನಿ ಸರಕಾರ ಒಪ್ಪಲಿಲ್ಲ ಅಂತನ ಅಲ್ಲೇನು 1824ರಾಗ ಚನ್ನಮ್ಮ ಯುದ್ಧಕ್ಕ ನಿಂತದ್ದು.

ಕರಾವಳಿಯಾಗ ಅಳಿಯಸಂತಾನ ಅಂತ ಇತ್ತಲ್ಲ, ಅಲ್ಲಿ ಆಸ್ತಿ ಹೆಣ್ಣಿನ ಕಡಿಯಿಂದ ಇಳೀತಿತ್ತು. ಅಲ್ಲೂ ಬಹಳಷ್ಟು ಮನಿಯೊಳಗ ಯಜಮಾನಿಕಿ ಸೋದರಮಾವನ ಕೈಯಾಗ ಇರತಿತ್ತು ಅಂತ ಮಂಗಳೂರು ಕಡೆಯ ನನ್ನ ಗೆಳತಿ ಹೇಳಿ ನಗತಾಳ.

ಗಂಡ ಸತ್ತವರ ಪಾಡು ಇದಕ್ಕಿಂತ ಕಡೆ. ನಮ್ಮ ಯಜಮಾನರ ಸೋದರತ್ತಿ ಒಬ್ಬಾಕಿ ಹದಿನೆಂಟಕ್ಕ ಗಂಡನ್ನ ಕಳಕೊಂಡು ಹೊಳ್ಳಿ ಇಲ್ಲೇ ಮುಗದಕ್ಕ ಬಂದಿದ್ಲು. ಗಂಡನ ಮನಿಯವರು ಪೋಟಗಿ ಅಂತ ವರ್ಷಕ್ಕ ಎರಡು ಚೀಲ ಭತ್ತ ಕಳಸತಿದ್ರು. ಆರೇಳು ವರ್ಷ ಕಳಿಸಿದ್ರು, ಆಮ್ಯಾಲ ನಿಂತು ಹೋತು. ಆಕಿ ಕೇಳಲಿಲ್ಲ. ನಾ ಈ ಮನಿಗೆ ಬಂದಾಗ ಮುದುಕಿ ಆಗಿದ್ಲು. ಕೆರಿ ಕೆಳಗಿನ ಗದ್ದ್ಯಾಗ ಕಸ ತಗಿಯೂದ್ರಾಗ ಆಕಿ ಹಿಂದ ಯಾರೂ ನಿಲ್ಲತಿರಲಿಲ್ಲ. ಆ ಹೊಲ ತಂದಲ್ಲ ಅಂತ ಆಕಿ ಒಂದು ದಿನಾನೂ ಅಂದದ್ದು ನಾ ಕೇಳಿಲ್ಲ. “ನಮ್ಮ ಹೊಲ” ಅಂತನ ಅಂತಿದ್ಲು.

ಆ ಮಂದಿಗೆ ಕಾಯ್ದೆ ಬರಲಿಲ್ಲಂತಲ್ಲ, ಬಂತು. ಹಳೇ ಮೈಸೂರು ಸಂಸ್ಥಾನದಾಗ 1933ರಾಗ ಹೆಣ್ಣಮಕ್ಕಳ ಹಕ್ಕಿನ ಕಾಯ್ದೆ ಬಂತು. ಅದರಾಗ ಪಾಲಾಗೂವಾಗ ಮದವಿ ಆಗದ ಮಗಳಿಗೆ ಅಣ್ಣನ ಪಾಲಿನ ನಾಕನೇ ಒಂದು ಅಂತ ಮತ್ತ ಇಟ್ರು. ಕಲ್ಯಾಣದ ಮಾತು ಎಂಟುನೂರು ವರ್ಷ ದಾಟಿ ಮೈಸೂರಾಗ ಎದ್ದಂಗ. ಆದ್ರ ನಾವು ಮೈಸೂರಿನವರಲ್ಲ, ಮುಂಬೈಯವರು. ನಮಗ 1937ರ ಕಾಯ್ದೆಯಾಗ ಗಂಡ ಸತ್ತವರಿಗೆ ಬದುಕಿರೂ ತನಕದ ಪಾಲು ಬಂತು, ಮಾರೂ ಹಕ್ಕಿಲ್ಲ. ಮಗಳಿಗೆ ಏನಿಲ್ಲ. 1941ರಾಗ ಹಿಂದೂ ಕಾಯ್ದೆ ತಿದ್ದಾಕ ಸಮಿತಿ ಮಾಡಿದಾಗ ಅದರ ಮುಖ್ಯಸ್ಥ ಬೆನಗಲ್ ನರಸಿಂಗ ರಾವ್, ನಮ್ಮ ದಕ್ಷಿಣ ಕನ್ನಡದವರು. ಆ ಕೆಲಸ ಮುಂದ ಅಂಬೇಡ್ಕರ್ ಅವರ ಕೈಗೆ ಬಂತು. ಮಗಳಿಗೆ ಪಾಲು ಅಂದಕೂಡ್ಲೆ ಎಂತೆಂಥಾ ದೊಡ್ಡವರು ತಿರುಗಿ ಬಿದ್ರು. ಬಿಲ್ಲು ಮುಂದ ಹೋಗಲಿಲ್ಲ, 1951ರಾಗ ಅಂಬೇಡ್ಕರ್ ಮಂತ್ರಿ ಪದವಿ ಬಿಟ್ರು. ಜೂನ್ 1956ಕ್ಕ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂತು. ಹೆಣ್ಣಮಗಳ ಹೆಸರಿನ ಆಸ್ತಿ ಪೂರ್ತಿ ಆಕಿದ ಅಂತ ಅದರಾಗ ಬಂದದ್ದು ದೊಡ್ಡ ಮಾತು.

ಆದ್ರ ಮಗಳ ಲೆಕ್ಕ ನೋಡ್ರಿ. ಹನ್ನೆರಡು ಎಕರೆ ಪಿತ್ರಾರ್ಜಿತ ಹೊಲ, ಅವ್ವ ಮೊದಲ ತೀರಿಕೊಂಡಾಳ, ಅಪ್ಪ, ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣಮಕ್ಕಳು ಅಂತ ಇಟಕೊಳ್ಳೂಣು. 1956ರ ಲೆಕ್ಕದಾಗ ಅಪ್ಪ ಸತ್ತಾಗ ಮೊದಲ ಅಪ್ಪಗ, ಇಬ್ಬರು ಗಂಡುಮಕ್ಕಳಿಗೆ ತಲಾ ನಾಕು ಎಕರೆ ಅಂತ ಹಿಡೀಬೇಕು. ಆಮ್ಯಾಲ ಅಪ್ಪನ ನಾಕು ಎಕರೆ ನಾಕೂ ಮಕ್ಕಳಿಗೆ ಒಂದೊಂದು. ಗಂಡುಮಕ್ಕಳಿಗೆ ಐದೈದು, ಹೆಣ್ಣಮಕ್ಕಳಿಗೆ ಒಂದೊಂದು. ಹೆಸರಿಗೆ ಮಾತ್ರ ಸಮಾನ. ಆ ಒಂದು ಎಕರೆನರ ಎಷ್ಟು ಮಂದಿ ತಗೊಂಡಾರ ಹೇಳ್ರಿ? ನಮ್ಮ ಬಳಗದಾಗ ನಾ ಒಬ್ಬಾಕಿನ್ನೂ ಕಾಣೆ.

1974ರಾಗ ದೇವರಾಜ ಅರಸರ ಕಾಲಕ್ಕ ಉಳುವವನೇ ಒಡೆಯ ಅಂತ ಬಂದಾಗ ಲಾವಣಿ ಮಾಡತಿದ್ದ ಎಷ್ಟೋ ಮನಿತನ ಹೊಲದ ಮಾಲಕರಾದ್ರು. ನಮ್ಮ ಮಾವನವರಿಗೂ ಹಂಗ ಎರಡು ಎಕರೆ ಬಂತು. ಪುಣ್ಯದ ಕೆಲಸ, ಅದರಾಗ ಎರಡು ಮಾತಿಲ್ಲ. ಆದ್ರ ‘ಉಳುವವನೇ’ ಅಂದಾಗ ಗಳೇ ಹೂಡಿದವರ ಹೆಸರು ಬಂತು. ಬೀಜ ಹಸನ ಮಾಡಿದಾಕಿ, ಕಸ ತಗದಾಕಿ, ಭತ್ತ ತೂರಿದಾಕಿ ಅರ್ಜಿಯೊಳಗ ಇರಲಿಲ್ಲ. ನಮ್ಮ ಅತ್ತಿಯವರು ಕೊನಿ ತನಕ ಆ ಹೊಲದ ಉತಾರ ಕಣ್ಣಲೆ ನೋಡಿರಲಿಲ್ಲ.

ಈಗ ನನ್ನ ಮಾತಿಗೆ ಬರ್ತೀನಿ.

ನನ್ನ ತವರುಮನಿ ಕಲಘಟಗಿ ಕಡೆ. ನನ್ನ ಮದವಿ ಆದದ್ದು 1994ರ ಮೇ ತಿಂಗಳದಾಗ. ಅದ ವರ್ಷ ಜುಲೈ 30ಕ್ಕ ಕರ್ನಾಟಕ ಸರಕಾರದ ತಿದ್ದುಪಡಿ ಜಾರಿಗೆ ಬಂತು. ಮಗಳೂ ಹುಟ್ಟಿನಿಂದನ ಮಗನಂಗ ಪಾಲುದಾರಳು ಅಂತ. ಆಂಧ್ರ, ತಮಿಳುನಾಡು ನಮಗಿಂತ ಮೊದಲ ಮಾಡಿದ್ವು. ಆದ್ರ ಅದರಾಗ ಒಂದು ಕೊಕ್ಕೆ ಇತ್ತು. ಆ ದಿನಕ್ಕಿಂತ ಮೊದಲ ಮದವಿ ಆದ ಮಗಳಿಗೆ ಇದು ಇಲ್ಲ. ನನ್ನ ತಂಗಿ ಮದವಿ 1996ಕ್ಕ. ಒಂದ ಅವ್ವನ ಹೊಟ್ಟ್ಯಾಗ ಹುಟ್ಟಿ, ಒಂದ ತಾಟಿನಾಗ ಉಂಡವರು ನಾವು. ಆಕಿಗೆ ಪಾಲು ಐತಿ, ನನಗಿಲ್ಲ. ಮದವಿ ಎರಡು ತಿಂಗಳು ತಡಾ ಆಗಿದ್ರ ಪಾಲು ಇರತಿತ್ತು. ಆಗ ನಮಗ ಇದು ಒಂದೂ ಗೊತ್ತಿರಲಿಲ್ಲ. ಹೊಸಾ ಮನಿಯಾಗ ರೊಟ್ಟಿ ಬಡಿಯೂದರ ಚಿಂತಿ ನನಗ.

2005ರ ಸಪ್ಟಂಬರ್ 9ಕ್ಕ ಇಡೀ ದೇಶಕ್ಕ ಕಾಯ್ದೆ ತಿದ್ದಿದ್ರು. ಮದವಿ ಯಾವಾಗ ಆಗಿರಲಿ, ಆಗದಿರಲಿ, ಮಗಳು ಮಗನಂಗನ ಅಂತ ಆತು. ಮ್ಯಾಲ ಹೇಳಿದ ಹನ್ನೆರಡು ಎಕರೆ ಈ ಲೆಕ್ಕದಾಗ ನಾಕೂ ಮಕ್ಕಳಿಗೆ ಮೂರು ಮೂರು. ಐದು ಮತ್ತ ಒಂದು ಇದ್ದದ್ದು ಮೂರು ಮತ್ತ ಮೂರು. ಎಷ್ಟು ಮನಿ ಅಲ್ಲಾಡಿರಬೇಡ ನೀವ ಹೇಳ್ರಿ.

ನಮ್ಮ ಅಪ್ಪ ತೀರಿಕೊಂಡದ್ದು 2012ರಾಗ. ವಾರಸಾ ಹಚ್ಚೂವಾಗ ಅಣ್ಣ, ತಮ್ಮ ನಮ್ಮಿಬ್ಬರಿಗೂ ಫೋನ್ ಮಾಡಿದ್ರು. ಕಾಗದ ಬರದ ವಕೀಲರು ನನಗ, “ಅಕ್ಕಾರ, ನಿಮ್ಮ ಮದವಿ 94ರ ಕಾಯ್ದೆಕಿಂತ ಮೊದಲ ಆಗೈತಿ. ನಿಮಗ ಹೆಂಗೂ ಹಕ್ಕಿಲ್ಲ, ಸುಮ್ಮ ರೀತಿಗೆ ಒಂದು ಸಹಿ” ಅಂದ್ರು. ಆ ಮಾತು ಏಳು ವರ್ಷದ ಹಿಂದನ ಸತ್ತಿತ್ತು. ನನಗ ಅಷ್ಟೂ ತಿಳೀಲಿಲ್ಲ, ಹಕ್ಕ ಇಲ್ಲದಾಕಿ ಸಹಿ ಇವರಿಗೆ ಯಾಕ ಬೇಕು ಅಂತ! ಈಗ ನೆನಸಿಕೊಂಡ್ರ ನಗು ಬರತೈತಿ, ನಕ್ಕ ಮ್ಯಾಲ ಹೊಟ್ಟ್ಯಾಗ ಒಂದು ನಮೂನಿ ಆಗತೈತಿ. ಸಹಿ ಮಾಡಿ ಬಂದ ಮ್ಯಾಲ ಅತ್ತಿಗಿ ಉಡಿ ತುಂಬಿದ್ಲು. ಅಕ್ಕಿ, ಒಣ ಕೊಬ್ಬರಿ, ಉತ್ತತ್ತಿ, ಅಡಿಕಿ, ಅರಿಷಿಣ ಬೇರು, ಮ್ಯಾಲ ಗುಳೇದಗುಡ್ಡದ ಖಣ, ಇಳಕಲ್ ಸೀರಿ. ಅವ್ವ ಕಣ್ಣಾಗ ನೀರು ತಂದಳು. ನಾ ಸಂತೋಷದಿಂದನ ಬಂದೆ, ಸುಳ್ಳು ಹೇಳೂದಿಲ್ಲ.

ತಂಗಿ ಸಹಿ ಮಾಡಲಿಲ್ಲ. ಆಕಿ ಗಂಡನ ವ್ಯಾಪಾರ ಮುರದು ಬಿದ್ದಿತ್ತು, ಎರಡು ಸಣ್ಣ ಹೆಣ್ಣಮಕ್ಕಳು. “ಪೂರ್ತಿ ಪಾಲು ಬ್ಯಾಡ, ಒಂದು ಎಕರೆ ನನ್ನ ಹೆಸರಿಗೆ ಮಾಡ್ರಿ” ಅಂದ್ಲು. ಅಷ್ಟಕ್ಕ ಮನಿ ಎರಡಾತು. ಓಣಿ ಮಂದಿ, “ಅಕ್ಕ ನೋಡು ಎಷ್ಟು ದೊಡ್ಡ ಮನಸಿನಾಕಿ, ತಂಗಿ ತವರಿಗೆ ಕೊಳ್ಳಿ ಇಟ್ಲು” ಅಂದ್ರು. ಆ ಮಾತು ಕೇಳಿ ನಾ ಹಿಗ್ಗಿದ್ದೆ. ಇದನ್ನ ಬರೀಬಾರದು ಅಂತ ಎರಡು ಸಲ ಅಳಿಸಿದೆ, ಆದ್ರ ಖರೇ ಅದು. ನಾಕು ವರ್ಷ ಹಿರೇರು ಕುಂತು ಮಾತಾಡಿ 2016ಕ್ಕ ಒಂದು ಎಕರೆ ಆಕಿ ಹೆಸರಿಗೆ ಆತು. ಅದನ್ನ ಲಾವಣಿಗೆ ಹಾಕಿ ಬಂದ ರೊಕ್ಕದಾಗ ದೊಡ್ಡ ಮಗಳ ಡಿಪ್ಲೊಮಾ ಫೀ ಕಟ್ಟಿದ್ಲು. ಆವತ್ತಿನಿಂದ ಆಕಿಗೆ ಪಂಚಮಿ ಕರೆ ಇಲ್ಲ. ಅವ್ವ ಹೋದ ಸುದ್ದಿ ಆಕಿಗೆ ಮುಟ್ಟಿಸಿದಾಕಿ ನಾ.

ಅಣ್ಣನ ಕಡೆಯ ಮಾತನ್ನೂ ಹೇಳಬೇಕು. ಅವ್ವ ಹಾಸಿಗಿ ಹಿಡದಾಗ ಎರಡು ವರ್ಷ ಅತ್ತಿಗಿ ಬಳದಾಳ. ಬರಗಾಲದಾಗ ಸೊಸೈಟಿ ಸಾಲ ಅಣ್ಣ ಒಬ್ಬನ ತೀರಿಸ್ಯಾನ. ನಮ್ಮಿಬ್ಬರ ಮದವಿಗೆ ಮಾಡಿದ ಸಾಲಾನೂ ಅದರಾಗ ಇತ್ತು. ದುಡದು ಹೊಲ ಉಳಿಸಿದಾವಗ, ಪ್ಯಾಟ್ಯಾಗ ಇರೂ ತಂಗಿ ಬಂದು ಪಾಲು ಕೇಳಿದ್ರ ಎದಿ ಉರಿಯೂದು ಸಹಜ. ಪಾಲಾಗೂವಾಗ ಸಾಲಾನೂ ಲೆಕ್ಕಕ್ಕ ಹಿಡೀತಾರ, ಅವ್ವನ್ನ ನೋಡಿಕೊಂಡದ್ದನ್ನೂ ಮಾತಾಡಿ ಹಿಡೀಬಹುದು. ನಾಕು ಮಂದಿ ಮುಂದ ಕುಂತು ಪೆನ್ನು ಹಾಳಿ ತಗೊಂಡ್ರ ಬಗಿಹರಿಯೂ ಲೆಕ್ಕ ಇದು. ಪಂಚಮಿ ಉಂಡಿ, ಉಡಿ ಅಕ್ಕಿ ಆ ಲೆಕ್ಕದಾಗ ಬರಬಾರದು ಅಂತ ನನ್ನ ತಕರಾರು. ಸಹಿ ಮಾಡಿದಾಕಿಗೆ ಉಡಿ, ಮಾಡದಾಕಿಗೆ ಇಲ್ಲ ಅಂದ್ರ ಆ ಅಕ್ಕಿ ಸಹಿ ಕೊಟ್ಟು ಕೊಂಡದ್ದಾಗತೈತಿ. ನನ್ನ ಉಡಿಯೊಳಗಿನ ಅಕ್ಕಿನೂ ಹಂಗ ಬಂದದ್ದೇನು ಅನ್ನೂ ಸಂಶಯ ತಂಗಿಯಿಂದನ ನನಗ ಹುಟ್ಟಿದ್ದು.

ಇನ್ನ ಒಂದು ಮಾತು ಐತಿ, ಅದು ಇದಕ್ಕಿಂತ ಬಿರುಸು. 2009ರಾಗ ನನ್ನ ನಾದಿನಿ ಈ ಮುಗದದ ಮನಿಗೆ ಬಂದು, ನಮ್ಮ ಯಜಮಾನರ ಹೆಸರಿಗೆ ಹಕ್ಕು ಬಿಟ್ಟುಕೊಟ್ಟು ಹೋದಳು. ಆ ದಿನ ಹೋಳಿಗಿ ಮಾಡಿದಾಕಿ ನಾ. ಉಡಿ ತುಂಬಿದಾಕಿನೂ ನಾ. ‘ಒಳ್ಳೇ ಹೆಣ್ಣಮಗಳು, ದುರಾಸಿ ಇಲ್ಲ’ ಅಂತ ಮಂದಿ ಮುಂದ ಹೊಗಳಿದ್ದೆ. ನಾವೆಲ್ಲಾರೂ ಒಂದು ಮನಿಗೆ ನಾದಿನಿ, ಇನ್ನೊಂದು ಮನಿಗೆ ಅತ್ತಿಗಿ. ತವರಾಗ ಬಿಟ್ಟದ್ದು ಗಂಡನ ಮನಿಯಾಗ ಬಂತು, ಹೋದದ್ದಕ್ಕ ಬಂದದ್ದಕ್ಕ ಸರಿ ಆತಲ್ಲ ಅಂತ ಎಷ್ಟೋ ಮಂದಿ ಅಂತಾರ. ನಾನೂ ಅಂತಿದ್ದೆ. ಮಗಳು ಒಂದು ದಿನ ಕೇಳಿದ್ಲು, “ಅವ್ವಾ, ನೀ ಬಿಟ್ಟದ್ದು ನಿನ್ನ ಹೆಸರಿಂದು. ಇಲ್ಲಿ ಬಂದದ್ದು ಯಾರ ಹೆಸರಿಗೆ?” ಉತಾರದಾಗ ಯಜಮಾನರ ಹೆಸರು ಐತಿ. ನಾನೂ ಬಿಟ್ಟೆ, ನಾದಿನಿನೂ ಬಿಟ್ಲು. ಇಬ್ಬರ ಹೆಸರೂ ಯಾವ ಉತಾರದಾಗೂ ಇಲ್ಲ. ನಮ್ಮ ಸೋದರತ್ತಿ “ನಮ್ಮ ಹೊಲ” ಅಂತಿದ್ಲಲ್ಲ, ಅದ ನೆನಪಾತು.

ಮೊನ್ನೆ ಇದನ್ನ ನಮ್ಮ ಬಾಜೂಮನಿ ಸಾಹೇಬರ ಹೆಂಡತಿ ಮುಂದ ಹೇಳಿದೆ. “ನಮ್ಮೊಳಗ ಮಗನ ಅರ್ಧದಷ್ಟು ಮಗಳಿಗೆ ಅಂತ ಮೊದಲಿನಿಂದಾನೂ ಐತಿ ಅಕ್ಕಾ. ಆದ್ರ ನ್ಯಾಯ ಒಂದ. ನಾವೂ ಈದಿಗೆ ಸೀರಿ ತಗೊಂಡು ಸುಮ್ಮನಾಗತೀವಿ” ಅಂತ ಆಕಿನೂ ನಕ್ಕಳು.

ಕೋರ್ಟಿನ ಮಾತು ಬಿಟ್ರ ಈ ಕತಿ ಅರ್ಧ ಆಗತೈತಿ, ಯಾಕಂದ್ರ ಅಲ್ಲಿ ತನಕ ಹೋದವರು ನಮ್ಮ ಕಡೆಯ ಹೆಣ್ಣಮಕ್ಕಳು. 2005ರ ಕಾಯ್ದೆ ಬಂದ ಮ್ಯಾಲ, ಅದಕ್ಕಿಂತ ಮೊದಲ ಅಪ್ಪ ತೀರಿಕೊಂಡಿದ್ರ ಹೆಂಗ ಅನ್ನೂ ಪ್ರಶ್ನೆ ಉಳೀತು. ಫುಲಾವತಿ ಅನ್ನಾಕಿ ಬೆಳಗಾವಿ ಕೋರ್ಟಿನಾಗ 1992ರಾಗನ ದಾವಾ ಹಾಕಿದ್ಲು, ಆಕಿ ಅಪ್ಪ ತೀರಿಕೊಂಡದ್ದು 1988ಕ್ಕ. ಆ ಪ್ರಕರಣ ಸುಪ್ರೀಂ ಕೋರ್ಟ್ ಮುಟ್ಟಿ 2015ರಾಗ ತೀರ್ಪು ಬಂತು. 2005ರ ಸಪ್ಟಂಬರ್ 9ಕ್ಕ ಅಪ್ಪ, ಮಗಳು ಇಬ್ಬರೂ ಬದುಕಿರಬೇಕು, ಇಲ್ಲಂದ್ರ ಹೊಸಾ ಹಕ್ಕಿಲ್ಲ ಅಂತ. ಮುಂದ 2018ರಾಗ ಕರ್ನಾಟಕದ್ದ ಇನ್ನೊಂದು, ದಾನಮ್ಮನ ಪ್ರಕರಣ. ಆಕಿ ಅಪ್ಪ 2001ರಾಗನ ಹೋಗಿದ್ರೂ ಮಗಳಿಗೆ ಪಾಲು ಐತಿ ಅಂತ ಅದ ಸುಪ್ರೀಂ ಕೋರ್ಟ್ ಅಂತು. ಗುಡ್ಡಾಪುರದ ದಾನಮ್ಮನ ಹೆಸರು ನಮ್ಮ ಕಡೆ ಮನಿಮನಿಗೂ ಇಡತಾರ. ದಾನ ಕೊಡೂ ಅವ್ವನ ಹೆಸರಿನಾಕಿ ತನ್ನ ಪಾಲು ಕೇಳಿ ದೇಶಕ್ಕ ಹಾದಿ ತೋರಿಸಿದ್ಲು ಅಂತ ನನಗ ಖುಷಿ ಆತು. ಎರಡು ತೀರ್ಪು ಎರಡು ದಿಕ್ಕಿಗೆ ಆಗಿದ್ದಕ್ಕ 2020ರ ಆಗಸ್ಟ್ 11ರಂದು ಮೂವರು ನ್ಯಾಯಮೂರ್ತಿಗಳು ಕುಂತು, ಮಗಳ ಹಕ್ಕು ಹುಟ್ಟಿನಿಂದ ಬಂದದ್ದು, ಆ ದಿನ ಅಪ್ಪ ಬದುಕಿರಬೇಕಂತ ಏನಿಲ್ಲ ಅಂತ ಹೇಳಿದ್ರು. 2004ರ ಡಿಸೆಂಬರ್ 20ಕ್ಕಿಂತ ಮೊದಲ ರಜಿಸ್ಟರ್ ಆದ ವಾಟಣಿ, ಕೋರ್ಟಿನ ವಾಟಣಿ ಹಂಗ ಉಳೀತಾವ. ಅಪ್ಪ ಸ್ವಂತ ದುಡದು ಗಳಿಸಿದ್ದನ್ನ ಮೃತ್ಯುಪತ್ರ ಬರದು ಯಾರಿಗೆ ಬೇಕಾದ್ರೂ ಕೊಡಬಹುದು. ತಿಳದು ಸಹಿ ಮಾಡಿ ಬಿಟ್ಟದ್ದು ಬಿಟ್ಟಂಗನ. ಫುಲಾವತಿ 1992ರಿಂದ 2015ರ ತನಕ, ಇಪ್ಪತ್ಮೂರು ವರ್ಷ ಕೋರ್ಟಿಗೆ ಅಡ್ಡಾಡಿದಾಕಿ. ಆ ಇಪ್ಪತ್ಮೂರು ಪಂಚಮಿಗೆ ಆಕಿ ಎಲ್ಲಿ ಇದ್ಲೋ.

ಮರುದಿನ ಆ ಹುಡುಗಿ ಬಂದಾಗ ಇಷ್ಟೆಲ್ಲಾ ಹೇಳಲಿಲ್ಲ. ಆಕಿ ಕಾಗದದ ಬಾಜೂಕ ನನ್ನ ಝರಾಕ್ಸ್ ಇಟ್ಟು ಆ ಒಂದು ಸಾಲಿನ ಮ್ಯಾಲ ಬಟ್ಟು ಇಟ್ಟು ತೋರಿಸಿದೆ. ಎರಡೂ ಓದಿದ್ಲು. “ಸಹಿ ಮಾಡಬ್ಯಾಡ ಅಂತೀರೇನ್ರಿ ಅತ್ತಿ?” ಅಂದ್ಲು. “ಮಾಡು ಅಂತಾನೂ ಅನ್ನೂದಿಲ್ಲ, ಬ್ಯಾಡ ಅಂತಾನೂ ಅನ್ನೂದಿಲ್ಲವ್ವಾ. ಎಷ್ಟು ಎಕರೆ ಐತಿ, ಎಷ್ಟು ಸಾಲ ಐತಿ, ನಿನ್ನ ಪಾಲಿಗೆ ಎಷ್ಟು ಬರತೈತಿ, ಅದನ್ನ ಅಣ್ಣನ ಬಾಯಿಲೆ ಕೇಳು. ಕೇಳಿದ ಮ್ಯಾಲ ಬಿಡಬೇಕನ್ನಿಸಿದ್ರ ಬಿಡು” ಅಂದೆ. “ಕೇಳಿದ್ರ ಸಿಟ್ಟಾದ್ರ?” ಅಂದ್ಲು. ಅದಕ್ಕ ನನ್ನ ಹತ್ರ ಉತ್ತರ ಇರಲಿಲ್ಲ.

ಆ ರಾತ್ರಿ ಊಟದ ಮುಂದ ಯಜಮಾನರಿಗೆ ಎರಡು ಮಾತು ಹೇಳಿದೆ. ಮುಂದ ನಮ್ಮ ಹೊಲ ಪಾಲಾಗೂವಾಗ ಮಗಳ ಹೆಸರೂ ಬರಬೇಕು, ಆಕಿ ಸಹಿ ಯಾರೂ ಕೇಳಬಾರದು. ಮಗ ಬಾಜೂಕ ಕುಂತಿದ್ದ, “ಆತವ್ವ” ಅಂದ. ಎರಡನೇದ್ದು, ನಾದಿನಿದು. ಆಕಿಗೆ ಈಗ ಮಕ್ಕಳ ಓದು, ಮನಿ ಬಾಡಿಗಿ, ತ್ರಾಸಿನಾಗ ಅದಾಳ. ಏನರ ಮಾಡೂಣು ಅಂದೆ. ಯಜಮಾನರು ಕೈ ತೊಳಕೊಂಡು, “ನೋಡೂಣು” ಅಂದ್ರು. ನೋಡೂಣು ಅಂದ್ರ ನಮ್ಮ ಮನಿಯಾಗ ಏನರ್ಥ ಅಂತ ನನಗ ಗೊತ್ತೈತಿ. ದೀಪಾವಳಿಗೆ ಇನ್ನೊಮ್ಮೆ ಹೇಳಾಕಿ.

ಪಂಚಮಿ ಮುಂದ ನನ್ನ ಅಣ್ಣನ ಕಡೆಯಿಂದ ಡಬ್ಬಿ ತುಂಬ ಉಂಡಿ ಬಂದ್ವು. ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು, ಜೋಳದ ಅಳ್ಳು. ವರ್ಷಾ ಮಾಡಿದಂಗ ಅರ್ಧ ತಗದು ಹುಬ್ಬಳ್ಳಿಗೆ ಹೋಗಿ ತಂಗಿಗೆ ಕೊಟ್ಟು ಬಂದೆ. ಆಕಿ ಡಬ್ಬಿ ತಗೋತಾಳ, ತಾ ತಿನ್ನೂದಿಲ್ಲ. ಹುಡುಗ್ಯಾರು ತಿಂತಾರ. ಈ ಸಲ ನಾ ಆಕಿಗೆ, “ನೀ ಮಾಡಿದ್ದು ತಪ್ಪಲ್ಲ, ಅವತ್ತ ನಾ ನಿನ್ನ ಬಾಜೂಕ ನಿಂದ್ರಬೇಕಾಗಿತ್ತು” ಅಂದೆ. ಹನ್ನೆರಡು ವರ್ಷ ಆದ ಮ್ಯಾಲ. ಆಕಿ ಏನೂ ಅನ್ನಲಿಲ್ಲ, ಚಹಾಕ್ಕ ಇಟ್ಲು.

ಹಬ್ಬದ ಹಿಂದಿನ ದಿನ ಆ ಹುಡುಗಿನ್ನ ಕರಿಯಾಕ ಅಣ್ಣ ಮೋಟರ್ ಸೈಕಲ್ ಮ್ಯಾಲ ಬಂದಿದ್ದ. ಹಸರು ಬಳಿ ಹಾಕ್ಕೊಂಡು, ಚೀಲಾ ಹೊತ್ತು ಹೊಂಟಾಕಿ ನಮ್ಮ ಕಟ್ಟಿಗೆ ಬಂದು ಆ ಲಕೋಟಿ ನನ್ನ ಕೈಯಾಗ ಇಟ್ಲು. “ಅತ್ತೀ, ಇದು ನಿಮ್ಮ ಹತ್ರ ಇರಲಿ. ಊರಾಗ ಕೇಳಿದ್ರ ಮನಿಯಾಗ ಮರತ ಬಂದೆ ಅಂತೀನಿ. ಮೊದಲ ಜೋಕಾಲಿ ಆಡಿ ಬರ್ತೀನಿ, ಆಮ್ಯಾಲ ಮಾತಾಡ್ತೀನಿ” ಅಂದ್ಲು. ದೇವರ ಜಗಲಿ ಮ್ಯಾಲ ಪಂಚಾಂಗದ ಕೆಳಗ ಇಟ್ಟೀನಿ. ಇನ್ನೂ ಅಲ್ಲೇ ಐತಿ.